ಗುರುವಾರದ ಹತ್ತೊಂಬತ್ತು ಸಾಲುಗಳು

“ಒಂದಲ್ಲ, ಎರಡಲ್ಲ, ಹತ್ತೊಂಬತ್ತ ಸಲ! ಹತ್ತೊಂಬತ್ತ ಗುರುವಾರ, ಮುಂಜಾನೆ ಆರಕ್ಕ, ಆ ಸುಮಿತ್ರಾನ ಓಣ್ಯಾಗ ನಿಮ್ಮ ಕಾರ್ಡು ನೀರು ತುಂಬೇತಿ. ಕಾರ್ಡಿಗೆ ಕಾಲು ಬಂದಿದ್ವೇನು? ಹೇಳ್ರಿ!”

ದಾನೇಶ್ವರಿ ಮಾತಾಡುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಬಡಿತಕ್ಕೆ ಹಿಟ್ಟು ನಾದುವ ಕೊಣಮಿಗೆ ನಡುಗುತ್ತಿತ್ತು, ರೊಟ್ಟಿಯ ಅಂಚು ಹರಿದಿತ್ತು. ಹೊಸ್ತಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದ ಗಂಡ ಫಕೀರೇಶ ತಲೆ ಎತ್ತಿದ.

“ಯಾರ ಹೇಳಿದ್ರು ನಿನಗ?”

“ಯಾರ ಹೇಳಬೇಕು? ನಾ ಏನ ಕೆಲಸಾ ಮಾಡ್ತೀನಿ ಮರತ್ರೇನು? ಬುಧವಾರ ರಾತ್ರಿ ನನಗ ಪಾಳಿ. ಅದನ್ನ ನೋಡಿಕೊಂಡು ಗುರುವಾರ ಮುಂಜಾನೆ ನೀವು ಅಲ್ಲಿ. ಭಾರೀ ಶಾಣ್ಯಾ ಅದೀರಿ ಬಿಡ್ರಿ.”

ಆರೋಪಕ್ಕೆ ಅವನ ಮುಖ ಬಾಡಲಿಲ್ಲ. ಮುಂದಿನ ಪ್ರಶ್ನೆಗೆ ಅವಳು ಕೊಟ್ಟ ಉತ್ತರಕ್ಕೆ ಬಾಡಿತು.

“ನನ್ನ ಕಾರ್ಡಿಗೆ ಬೆಸುಗಿ ಹಾಕಿದೇನು?”

“ಹಾಕಿದೆ.”

“ಏನ ಕಾರಣ ಹೇಳಿದಿ?”

ಅವಳು ರೊಟ್ಟಿಯನ್ನು ಹಂಚಿಗೆ ಎಸೆದಳು.

ಫಕೀರೇಶ ಎದ್ದು ಬಂದ. ಎಂಬತ್ತೆರಡು ಕಿಲೋದ ಆಳು. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಬೆಳಕೇ ಬರುತ್ತಿರಲಿಲ್ಲ. “ದಾನಿ, ಒಂದ ಮಾತ ಕೇಳ್ತೀನಿ. ಇವತ್ತ ಸಂಜೀತನಕ ಆ ಮಶೀನ ಮುಟ್ಟಬ್ಯಾಡ. ಸಂಜೀಕ ಬಂದು ನಾನ ಹೇಳ್ತೀನಿ, ಒಂದೂ ಬಿಡಲಾರದ.”

“ಈಗ ಹೇಳ್ರಿ.”

“ಈಗ ಬರಂಗಿಲ್ಲ.”

“ಯಾಕ? ಆಕಿನ್ನ ಕೇಳಿಕೊಂಡ ಬರಬೇಕೇನು?”

ಅವನು ಸುಳ್ಳು ಹೇಳಬಹುದಿತ್ತು. ಆ ಗಂಡಸಿಗೆ ಅಷ್ಟೂ ಬರುತ್ತಿರಲಿಲ್ಲ. “ಹೌದು,” ಎಂದ. “ಆಕಿನ್ನೂ ಒಂದ ಮಾತ ಕೇಳಬೇಕು.”

ದಾನೇಶ್ವರಿಯ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಗೋಡೆಗೆ ಹೋಗಿ ಬಡಿಯಿತು. ಅವನು ಬುತ್ತಿಯನ್ನೂ ತೆಗೆದುಕೊಳ್ಳದೆ ಕಂಪನಿಯ ವ್ಯಾನು ಹಿಡಿಯಲು ಹೊರಟುಹೋದ.

* * *

ಗದುಗಿನಲ್ಲಿ ಆ ಹೊತ್ತಿಗೆ ಎಲ್ಲಕ್ಕೂ ಒಂದೇ ಕಾರ್ಡು. ನೀರಿನ ಕಟ್ಟೆಗೆ ಅದೇ, ಬಸ್ಸಿಗೆ ಅದೇ, ಖಾನಾವಳಿಗೆ ಅದೇ, ದವಾಖಾನೆಗೆ ಅದೇ. ನಲ್ಲಿ ನೀರು ನಿಂತು ವರ್ಷಗಳಾಗಿದ್ದವು. ಓಣಿಗೊಂದು ನೀರಿನ ಕಟ್ಟೆ. ಕಾರ್ಡು ತೋರಿಸಿದರೆ ದಿನಕ್ಕೆ ಎಂಟು ಕೊಡ. ಕಾರ್ಡು ಯಾವ ಓಣಿಯದಾದರೇನು, ಕಟ್ಟೆ ಕೇಳುತ್ತಿರಲಿಲ್ಲ. ಮುಖ ನೋಡುವ ಕ್ಯಾಮೆರಾಗಳನ್ನು ಜನ ಗಲಾಟೆ ಮಾಡಿ ಕೀಳಿಸಿದ್ದರು. ಕಾರ್ಡಿನ ನಂಬರು, ದಿನ, ಹೊತ್ತು, ಎಷ್ಟು ಕೊಡ, ಇಷ್ಟನ್ನು ಬರೆದುಕೊಂಡು ಅದು ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಹೀಗೆ ಊರಿನಲ್ಲಿ ನೂರಾರು ಪಟ್ಟಿಗಳಿದ್ದವು. ನೀರಿನ ಪಟ್ಟಿಗೆ ಬಸ್ಸಿನ ಪಟ್ಟಿಯ ಸುದ್ದಿ ಗೊತ್ತಿಲ್ಲ, ಬಸ್ಸಿನ ಪಟ್ಟಿಗೆ ದವಾಖಾನೆಯದು ಗೊತ್ತಿಲ್ಲ. ಬೇರೆ ಬೇರೆ ಇದ್ದಷ್ಟು ಹೊತ್ತು ಯಾವ ಪಟ್ಟಿಯೂ ಯಾರ ಮನೆಯನ್ನೂ ಮುರಿಯುವುದಿಲ್ಲ. ಕೂಡಿಸಿದಾಗಲೇ ಅವು ಮಾತಾಡುವುದು.

ಕೂಡಿಸುವ ಯಂತ್ರ ಇದ್ದದ್ದು ಸ್ಟೇಷನ್ ರಸ್ತೆಯ ಹಳೇ ಗೋದಾಮಿನಲ್ಲಿ. ಸರಕಾರ ಅದಕ್ಕೆ ಉದ್ದದ ಹೆಸರಿಟ್ಟಿತ್ತು. ಜನ ಬೆಸುಗೆ ಆಫೀಸು ಎಂದು ಕರೆದರು. ಯಂತ್ರ ಕನ್ನಡದಲ್ಲೇ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಿತ್ತು, ಹಾಗಾಗಿ ಇಂಜಿನಿಯರುಗಳೇ ಬೇಕಿರಲಿಲ್ಲ. ಯಾವ ಪಟ್ಟಿಯನ್ನು ಯಾವುದಕ್ಕೆ ಕೂಡಿಸಿದರೆ ಏನು ಸಿಗುತ್ತದೆಂದು ತಿಳಿಯುವ ತಲೆ ಬೇಕಿತ್ತು. ಹಳ್ಳಿಯ ಸಾಲೆಯಲ್ಲಿ ಓದಿ, ಹನ್ನೆರಡು ವರ್ಷ ರೇಷನ್ ಅಂಗಡಿ ನಡೆಸಿದ್ದ ದಾನೇಶ್ವರಿಗೆ ಅಂಥ ತಲೆಯಿತ್ತು. ಒಮ್ಮೆ ದವಾಖಾನೆಯ ಪಟ್ಟಿಯನ್ನೂ ನೀರಿನ ಪಟ್ಟಿಯನ್ನೂ ಕೂಡಿಸಿ, ವಾಂತಿ-ಭೇದಿ ಹರಡುತ್ತಿದ್ದ ಕಟ್ಟೆ ಯಾವುದೆಂದು ಅರ್ಧ ತಾಸಿನಲ್ಲಿ ಹಿಡಿದುಕೊಟ್ಟವಳು ಅವಳೇ. ಆ ಹೆಮ್ಮೆ ಅವಳ ನಡಿಗೆಯಲ್ಲಿತ್ತು.

ಬೆಸುಗೆಯಲ್ಲಿ ಎರಡು ಬಗೆ. ಎರಡು ಪಟ್ಟಿಗಳಲ್ಲೂ ಇರುವ ಒಂದು ಅಂಕಣ ಬೇಕು, ಕಾರ್ಡಿನ ನಂಬರಿನಂಥದ್ದು, ಅದೇ ಕೊಂಡಿ. ಕೊಂಡಿಗೆ ಕೊಂಡಿ ಸಿಕ್ಕ ಸಾಲುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಉದುರಿಸುವುದು ಬಿಗಿ ಬೆಸುಗೆ. ಜೊತೆ ಸಿಗಲಿ ಬಿಡಲಿ, ಎಲ್ಲ ಸಾಲನ್ನೂ ಇಟ್ಟುಕೊಂಡು, ಸಿಗದ ಕಡೆ ಖಾಲಿ ಬಿಡುವುದು ಸಡಿಲ ಬೆಸುಗೆ. ಬಿಗಿ ಬೆಸುಗೆ ಹಾಕಿದರೆ ನೀನು ಹುಡುಕಿದ್ದೇ ಸಿಗುತ್ತದೆ, ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವಳೂ ದಾನೇಶ್ವರಿಯೇ. ಅವಳ ಕುರ್ಚಿಯ ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಒಂದು ಕಾರ್ಡು, ಒಬ್ಬ ಮನುಷ್ಯ.

ಅದು ಗೋಡೆಯ ಮಾತು. ಓಣಿಯಲ್ಲಿ ಕಾರ್ಡು ಸಕ್ಕರೆ ಬಟ್ಟಲಿನಂತೆ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಎದುರು ಮನೆಯ ಶರಣವ್ವನ ಮಗಳ ಮದುವೆಗೆ ನೀರು ಸಾಲದೆಂದು ದಾನೇಶ್ವರಿ ತನ್ನ ಕಾರ್ಡನ್ನೇ ಮೂರು ದಿನ ಕೊಟ್ಟಿದ್ದಳು. ಅದೆಲ್ಲ ಅವಳಿಗೆ ಗೊತ್ತು. ಹೊಟ್ಟೆಯಲ್ಲಿ ಕಿಚ್ಚು ಹತ್ತಿದಾಗ ಗೊತ್ತಿದ್ದದ್ದು ಯಾವ ಉಪಯೋಗಕ್ಕೂ ಬರುವುದಿಲ್ಲ, ಅಷ್ಟೇ.

ಕಿಚ್ಚು ಹತ್ತಿದ್ದು ಆಯುಧಪೂಜೆಯ ದಿನ. ಫಕೀರೇಶ ಕಪ್ಪತಗುಡ್ಡದ ಗಾಳಿ ಫ್ಯಾನುಗಳ ಕಂಪನಿಯಲ್ಲಿ ಮೆಕ್ಯಾನಿಕ್. ಮುಗಿಲಿಗೆ ತಾಗುವ ಆ ಕಂಬಗಳೊಳಗೆ ಏಣಿ ಹತ್ತಿ ಎಣ್ಣೆ ಬಿಟ್ಟು ಬರುವುದು ಇಪ್ಪತ್ತು ವರ್ಷದಿಂದ ಅವನ ಕೆಲಸ. ಪೂಜೆಗೆ ಮನೆಯವರನ್ನೂ ಕರೆದಿದ್ದರು. ಸುಮಿತ್ರಾ ಎನ್ನುವವಳನ್ನು ದಾನೇಶ್ವರಿ ನೋಡಿದ್ದು ಅಂದೇ. ಕೆಳಗಿನ ಕೋಣೆಯಲ್ಲಿ ಸಾಮಾನು ಎಣಿಸಿ ಕೊಡುವ ಕೆಲಸದವಳು, ಗಂಡ ಸತ್ತು ನಾಲ್ಕು ವರ್ಷ, ಒಣಗಿದ ಮೆಣಸಿನಕಾಯಿಯಂಥ ಮೈಕಟ್ಟು. ಕಂಬದ ತುದಿಗೆ ಮಾಲೆ ಕಟ್ಟಲು ಯಾರಿಗೂ ಹೇಳದೆ ಸರಸರ ಹತ್ತಿ, ಮೇಲಿನ ಕಿಂಡಿಯಿಂದ ಕೈ ಬೀಸಿ ನಕ್ಕಳು. ಕೆಳಗೆ ನಿಂತ ಫಕೀರೇಶ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದ. ಬಾಯಿ ಅರ್ಧ ತೆರೆದಿತ್ತು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಆ ಕಣ್ಣನ್ನು ದಾನೇಶ್ವರಿ ಕಂಡಿರಲಿಲ್ಲ. ತನ್ನನ್ನು ಒಮ್ಮೆಯಾದರೂ ಹಾಗೆ ನೋಡಿದ್ದಾನೆಯೇ ಎಂದು ಅಂದಿನಿಂದ ಲೆಕ್ಕ ಹಾಕುತ್ತಲೇ ಇದ್ದಳು.

* * *

ಮಧ್ಯಾಹ್ನದ ಊಟದವರೆಗೆ ಅವಳು ತಡೆದುಕೊಂಡಳು. ಇದನ್ನು ಅವಳ ಪರವಾಗಿ ಹೇಳಲೇಬೇಕು. ಎರಡು ಬಸ್ಸಿನ ಬೆಸುಗೆ, ಒಂದು ಗೋಧಿ ಗೋದಾಮಿನದು, ಮುಗಿಸಿದಳು. ಆದರೆ ಬುತ್ತಿ ಬಿಚ್ಚಿದಾಗ ಗಂಡ ಬಿಟ್ಟುಹೋದ ಬುತ್ತಿಯೂ ಜೊತೆಗೇ ಬಂದಿತ್ತು. ಹಾಗಾದರೆ ಅವನು ಈಗ ಯಾರ ಬುತ್ತಿ ಉಣ್ಣುತ್ತಿದ್ದಾನೆ? ಬುತ್ತಿ ಮುಚ್ಚಿಟ್ಟಳು. ಸಂಜೆತನಕ ಮುಟ್ಟಬೇಡ ಎಂದನಲ್ಲ, ಅಷ್ಟರೊಳಗೆ ಇಬ್ಬರೂ ಕೂತು ಕಥೆ ಹೆಣೆಯುತ್ತಾರೆ. ಇವಳು ಕೇಳಿ ತಲೆಯಾಡಿಸಬೇಕು!

ಕೈ ತೊಳೆದು ಯಂತ್ರದ ಮುಂದೆ ಕೂತಳು.

“ಕಾರಣ ಹೇಳಿ,” ಎಂದಿತು ಯಂತ್ರ. ಕಾರಣವಿಲ್ಲದೆ ಅದು ಪಟ್ಟಿ ತೆರೆಯುವುದಿಲ್ಲ. ಒಪ್ಪುವ ಕಾರಣಗಳು ಇಪ್ಪತ್ತೇಳು. ಹೆಂಡತಿಯ ಸಂಶಯ ಅದರಲ್ಲಿಲ್ಲ. ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದಳು: “ಕಂಬದ ಕೆಲಸದವರ ಸುರಕ್ಷತೆ.”

ನಿನ್ನೆ ಕೇಳಿದ್ದು ಒಂದೇ ಪ್ರಶ್ನೆ: ಗಂಡನ ಕಾರ್ಡು, ಸುಮಿತ್ರಾಳ ಓಣಿಯ ಕಟ್ಟೆ, ಬಿಗಿ ಬೆಸುಗೆ. ಹತ್ತೊಂಬತ್ತು ಸಾಲು ಬಂದಿದ್ದವು. ಇವತ್ತು ಬಿಡುವುದಿಲ್ಲ, ಬುಡಸಹಿತ ಕಿತ್ತು ಮುಂದಿಡುತ್ತೇನೆ ಅಂದುಕೊಂಡಳು.

“ಇಬ್ಬರ ಕಾರ್ಡೂ ಹಾಕು. ಊರಿನ ಎಲ್ಲಾ ನೀರಿನ ಕಟ್ಟಿ, ಕಂಪನಿ ವ್ಯಾನು, ಕಂಬದ ಬಾಗಲಾ, ಏಣಿ ಪಟ್ಟಿ, ಎಲ್ಲಾ. ಸಡಿಲ ಬೆಸುಗಿ. ಒಂದ ಸಾಲೂ ಉದುರಬಾರದು.”

ಮೊದಲು ಕಣ್ಣಿಗೆ ಬಿದ್ದದ್ದು ಸುಮಿತ್ರಾಳ ಕಾರ್ಡು. ಗುರುವಾರ, ಮುಂಜಾನೆ ಆರು ಗಂಟೆ ಎಂಟು ನಿಮಿಷ. ಬೆಟಗೇರಿ, ದಾನೇಶ್ವರಿಯ ಓಣಿ, ದಾನೇಶ್ವರಿಯ ಕಟ್ಟೆ. ಎಂಟು ಕೊಡ.

“ನನ್ನ ಮನೀಗೇ ಬಂದಾಳ! ನಾ ಇಲ್ಲದಾಗ ನನ್ನ ಓಣ್ಯಾಗ ನಿಂತು ನೀರು ಹಿಡದಾಳ!”

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳಿಗೆ ಅದರ ಪರಿವೆ ಇರಲಿಲ್ಲ. ಅಲ್ಲೂ ಹತ್ತೊಂಬತ್ತು ಸಾಲು. ಅದೇ ಗುರುವಾರಗಳು. ಬೆರಳಿಟ್ಟು ಓದುತ್ತಾ ಹೋದಳು. ಆರು ಗಂಟೆ ಐದು ನಿಮಿಷಕ್ಕೆ ಗಂಡನ ಕಾರ್ಡು ಸುಮಿತ್ರಾಳ ಓಣಿಯಲ್ಲಿ; ಆರು ಗಂಟೆ ಎಂಟು ನಿಮಿಷಕ್ಕೆ ಅವಳ ಕಾರ್ಡು ಇವರ ಓಣಿಯಲ್ಲಿ. ನಾಲ್ಕು ಮೈಲಿ ದೂರ.

ಬೆರಳು ನಿಂತಿತು.

ಒಬ್ಬರ ಮನೆಯಲ್ಲಿ ಇಬ್ಬರಿದ್ದರೆ ಕಾರ್ಡುಗಳೂ ಒಂದೇ ಕಡೆ ಇರಬೇಕು. ಆದರೆ ಇವನು ಅಲ್ಲಿ, ಅವಳು ಇಲ್ಲಿ. ಯಾರ ಮನೆಯಲ್ಲಿ ಯಾರೂ ಕೂಡಿಲ್ಲ.

ಎಂಟು ಕೊಡ. ಗುರುವಾರ ಪಾಳಿ ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದಾಗ ಬಚ್ಚಲಿನ ನೀಲಿ ಡ್ರಮ್ಮು ಕಂಠಮಟ ತುಂಬಿರುತ್ತಿತ್ತು. ಅದರಲ್ಲೇ ಅವಳು ಮೈತೊಳೆದುಕೊಂಡು ಮಲಗುತ್ತಿದ್ದಳು. ಎಂಟು ಕೊಡಕ್ಕೆ ಆ ಡ್ರಮ್ಮು ಸರಿಯಾಗಿ ತುಂಬುತ್ತದೆ. ಸುಮಿತ್ರಾ ಬಂದು ಇವಳ ಡ್ರಮ್ಮು ತುಂಬುತ್ತಾಳೆಯೇ?

ಅವಳು ಪರದೆಯನ್ನು ಬಲಕ್ಕೆ ಸರಿಸಿದಳು. ಏಣಿಯ ಪಟ್ಟಿ. ಕಂಬದೊಳಗಿನ ಏಣಿಯ ಬುಡದಲ್ಲಿ ಒಂದು ಹಲಗೆ. ಹತ್ತುವವರ ತೂಕ ಮಿತಿ ದಾಟಿದರೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆಯದಿದ್ದರೆ ಆ ತೂಕವನ್ನು ಯಾರೂ ನೋಡುವುದಿಲ್ಲ. ಯಾರೂ ಅದನ್ನು ಹೆಸರಿಗೆ ಕೂಡಿಸಿರಲಿಲ್ಲ.

ಕಾರ್ಡು: ಫಕೀರೇಶ. ತೂಕ: ಐವತ್ತಮೂರು ಕಿಲೋ.

ಮರುದಿನ ಐವತ್ತಮೂರು. ಅದರ ಮರುದಿನ ಐವತ್ತನಾಲ್ಕು. ಚೌತಿಯ ಹಿಂದಿನ ವಾರದವರೆಗೆ ಎಂಬತ್ತೆರಡು; ಅಲ್ಲಿಂದೀಚೆಗೆ ಐವತ್ತಮೂರು.

ಚೌತಿಯ ಹಿಂದಿನ ವಾರ ಇವನ ಜೊತೆಗಾರ ನಾಗನಗೌಡ ಕಂಬದಿಂದ ಬಿದ್ದು ಸತ್ತಿದ್ದ. ಒಂದೇ ಏಣಿಯಲ್ಲಿ ಇವನು ಮೇಲೆ, ಅವನು ಕೆಳಗೆ. ಆ ಸಂಜೆ ಫಕೀರೇಶ ಮನೆಗೆ ಬಂದು, ಎರಡು ರೊಟ್ಟಿ ತಿಂದು, ಗೋಡೆ ಕಡೆ ತಿರುಗಿ ಮಲಗಿದ್ದ. ಇವನದೆಂಥ ಕಲ್ಲೆದೆ ಎಂದುಕೊಂಡಿದ್ದಳು. ಮೊನ್ನೆ ಮಾಳಿಗೆ ಹತ್ತಿ ಮೆಣಸಿನಕಾಯಿ ಹರವಿ ಬರ್ರಿ ಎಂದರೆ ಸೊಂಟ ನೋವು ಅಂದ. “ಕಂಬಾ ಹತ್ತೋ ಗಂಡಸಿಗೆ ಮಾಳಗಿ ಎತ್ತರ ಆತೇನ್ರಿ?” ಎಂದು ಇಡೀ ಓಣಿಗೆ ಕೇಳುವ ಹಾಗೆ ನಕ್ಕಿದ್ದಳು.

ಸುಮಿತ್ರಾ ಇವನ ಕಾರ್ಡು ಹಿಡಿದು ಹತ್ತುತ್ತಾಳೆ. ಇವನು ಅವಳ ಕಾರ್ಡು ಹಿಡಿದು ಕೆಳಗೆ ಸಾಮಾನು ಎಣಿಸುತ್ತಾನೆ. ಸಂಜೆ ವ್ಯಾನಿನಲ್ಲಿ ಕಾರ್ಡು ಬದಲಿಸಿಕೊಳ್ಳುತ್ತಾರೆ. ಬುಧವಾರ ಎಣ್ಣೆಯ ದಿನ, ಹತ್ತಿದವರು ಇಳಿಯುವುದು ತಡ. ಕೆಳಗಿನವರ ವ್ಯಾನು ಮೊದಲೇ ಹೊರಡುತ್ತದೆ. ಅಂದು ಕಾರ್ಡು ಬದಲಾಗುವುದಿಲ್ಲ. ಮರುದಿನ ಮುಂಜಾನೆ ಅವಳು ಇವನ ಕಾರ್ಡಿನಲ್ಲಿ ತನ್ನ ಓಣಿಯಲ್ಲಿ ನೀರು ಹಿಡಿಯುತ್ತಾಳೆ, ಇವನು ಅವಳ ಕಾರ್ಡಿನಲ್ಲಿ ತನ್ನ ಓಣಿಯಲ್ಲಿ. ಹೆಂಡತಿಯ ಕಣ್ಣಿಗೆ ಬೇರೆಯವರ ಕಾರ್ಡು ಬೀಳಬಾರದೆಂದೇ ಎಣ್ಣೆಯ ಪಾಳಿಯನ್ನು ಬುಧವಾರಕ್ಕೆ ಹಾಕಿಸಿಕೊಂಡಿದ್ದ.

ಆಯುಧಪೂಜೆಯ ದಿನ ಕತ್ತೆತ್ತಿ ನೋಡಿದ ಆ ಕಣ್ಣು ಈಗ ಅವಳಿಗೆ ಅರ್ಥವಾಯಿತು. ಅದು ಹೆಣ್ಣನ್ನು ನೋಡಿದ ಕಣ್ಣಲ್ಲ. ಎತ್ತರವನ್ನು ನೋಡಿದ ಕಣ್ಣು.

ಹೊಟ್ಟೆಯ ಕಿಚ್ಚು ಒಂದೇ ಸಲಕ್ಕೆ ಆರಿತು. ಎಷ್ಟು ಹಗುರಾಯಿತೆಂದರೆ ನಗು ಬಂತು, ನಕ್ಕಳು. ಆಗ ಯಂತ್ರ ಹೇಳಿತು:

“ಕಾರಣ, ಕಂಬದ ಕೆಲಸದವರ ಸುರಕ್ಷತೆ. ಏಣಿ ಪಟ್ಟಿಯಲ್ಲಿ ತೂಕಕ್ಕೂ ಕಾರ್ಡಿಗೂ ತಾಳೆಯಿಲ್ಲ. ನಿಯಮದಂತೆ ಪ್ರತಿಯನ್ನು ಕಂಪನಿಯ ಸುರಕ್ಷತಾ ವಿಭಾಗಕ್ಕೆ ಕಳಿಸಲಾಗಿದೆ.”

ಅವಳು ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಹೊಸಮನಿ ಸಾಹೇಬರು ಆ ಆಫೀಸಿನ ಮುಖ್ಯಸ್ಥರು. ಅವರ ಕೋಣೆಗೆ ಓಡಿದಳು.

“ಸಾಹೇಬ್ರ, ಒಂದ ಬೆಸುಗಿ ತಪ್ಪಿ ಹಾಕೀನ್ರಿ. ಬಿಡಸ್ರಿ ಅದನ್ನ.”

ಸಾಹೇಬರು ಪರದೆ ನೋಡಿದರು, ಕನ್ನಡಕ ಏರಿಸಿ ಮತ್ತೆ ನೋಡಿದರು. “ತಪ್ಪೆಲ್ಲೈತ್ರಿ ಅಕ್ಕಾರ? ಸ್ವಚ್ಛ ಐತಲ್ಲ! ಕಾರ್ಡು ಅದಲಿಬದಲಿ ಮಾಡಿ ಕಂಬಾ ಹತ್ಯಾರ. ನಾಳೆ ಆಕಿ ಬಿದ್ದಿದ್ರ ಸತ್ತಾವ ಇವಾ ಅಂತ ಬರೀತಿದ್ರು. ಒಂದ ಜೀವಾ ಉಳಿಸಿದ್ರಿ ನೀವು.” ಆಮೇಲೆ ಹೆಸರು ಓದಿ ದನಿ ತಗ್ಗಿಸಿದರು. “ನಿಮ್ಮ ಯಜಮಾನ್ರ ಏನ್ರಿ ಇವ್ರು?”

“ಹೌದ್ರಿ.”

“ಸ್ವಂತ ಗಂಡ ಅಂತ ನೋಡಲಾರದ ಬರದುಕೊಟ್ರಿ,” ಸಾಹೇಬರು ಎದ್ದು ನಿಂತರು. “ನಾ ಮ್ಯಾಲಿನವ್ರಿಗೆ ಬರೀತೀನಿ, ಅಕ್ಕಾರ. ನಿಮ್ಮಂಥವ್ರು ಬೇಕು ನಮಗ. ಆದ್ರ ಬಿಡಸಾಕ ಬರಂಗಿಲ್ಲ. ಕೂಡಿದ್ದು ಕೂಡೇತಿ.”

* * *

ಅವನು ಎಂದಿಗಿಂತ ಮೊದಲೇ ಬಂದಿದ್ದ. ಅವಳು ಮನೆ ಸೇರುವ ಹೊತ್ತಿಗೆ ನೀಲಿ ಡ್ರಮ್ಮಿನ ಪಕ್ಕದ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದ. ಬೂಟು ಬಿಚ್ಚಿರಲಿಲ್ಲ. ಗೋಡೆಯ ಮೇಲೆ ಮುಂಜಾನೆಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

“ಸುಮಿತ್ರಾಗ ಹೇಳಿ ಒಪ್ಪಿಸಿದ್ದೆ,” ಎಂದ. “‘ಅಣ್ಣಾ, ವೈನಿಗೆ ಹೇಳಿಬಿಡು, ಪಾಪ ಎಷ್ಟ ಸಂಕಟಾ ಪಡ್ತಿದ್ದಾರು’ ಅಂದ್ಲು. ಅರ್ಧ ತಾಸಿಗೆ ಮ್ಯಾನೇಜರ್ ಇಬ್ರನ್ನೂ ಕರದು ಕೆಲಸದಿಂದ ತಗದಾ.”

“ನನಗ ಗೊತ್ತಿರಲಿಲ್ರಿ. ನೀವು ಮೊದ್ಲ ಹೇಳಿದ್ರ...”

“ಹೇಳಿದ್ರ ನೀ ಬರಕೊಡಬೇಕಾಗ್ತಿತ್ತು. ನಿಮ್ಮ ನೌಕರೀದು ಆಣಿ ಐತಲ್ಲ, ಕಾರ್ಡು ಬದಲಿ ಕಂಡ್ರ ಬರಕೊಡಬೇಕು ಅಂತ. ಗಂಡನ್ನ ಬರಕೊಡು ಅಂತ ನಿನಗ ಹೆಂಗ ಹೇಳಲಿ? ಬರೀಲಿಲ್ಲಂದ್ರ ನಿನ್ನ ನೌಕರಿ ಹೋಗ್ತಿತ್ತು. ಸೋಮವಾರ ನನಗ ಕೆಳಗಿನ ಕೆಲಸಕ್ಕ ಆರ್ಡರ್ ಬರೋದಿತ್ತು, ಆಕೀಗೆ ಮ್ಯಾಲಿಂದು. ಮೂರ ದಿನಾ ದಾನಿ. ಮೂರ ದಿನಾ ಉಳದಿತ್ತು.”

“ಆ ಹೆಣ್ಣಮಗಳ ಹಂತ್ಯಾಕ ನಾ ಹೋಗ್ತೀನಿ, ಕಾಲ ಹಿಡೀತೀನಿ. ಸಾಹೇಬ್ರಿಗೂ...” ಮರುಕ್ಷಣ, ಸುಟ್ಟರೂ ಹೋಗದ ಸ್ವಭಾವ, ದನಿ ಏರಿತು: “ಹೆದರಿಕಿ ಆಗೇತಿ ಅಂತ ಆಕೀಗೆ ಹೇಳಿದ್ರಿ! ನನಗ ಹೇಳಲಿಲ್ಲ! ನಾ ಹೇಣ್ತಿ ಇದ್ದಾಕಿ, ಆಕಿ ಯಾರ್ರಿ ನಿಮಗ?”

ಫಕೀರೇಶ ಮಾಳಿಗೆಯ ಕಡೆ ನೋಡಿದ.

“ಆಕಿ ನಗಲಿಲ್ಲ,” ಎಂದ.

ಮಾಳಿಗೆಯ ಮೇಲೆ ಅವಳು ತಾನೇ ಹತ್ತಿ ಹರವಿದ್ದ ಮೆಣಸಿನಕಾಯಿಯ ಘಾಟು ಒಳಗೆ ಬರುತ್ತಿತ್ತು. ಅವನು ಎದ್ದ.

“ನೌಕರಿ ಹೋಗಿದ್ದಕ್ಕಲ್ಲ ದಾನಿ. ಸಂಶೆ ಪಟ್ಟಿದ್ದಕ್ಕೂ ಅಲ್ಲ. ಹತ್ತೊಂಬತ್ತ ಸಾಲು ನೋಡಿದ್ರ ಯಾರಿಗಾದ್ರೂ ಬರ್ತೈತಿ. ಸಂಜೀತನಕ ಮುಟ್ಟಬ್ಯಾಡ ಅಂದಿದ್ದೆ. ಇಪ್ಪತ್ತೆರಡ ವರ್ಷದಾಗ ನಿನ್ನ ಕೇಳಿದ್ದು ಅದೊಂದ.”

ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಡ್ರಮ್ಮಿನ ಮುಚ್ಚಳದ ಮೇಲಿಟ್ಟ. ಬೇರೇನೂ ತೆಗೆದುಕೊಳ್ಳಲಿಲ್ಲ. ಬಾಗಿಲು ದಾಟಿ, ಶರಣವ್ವನ ಮನೆಯ ಮುಂದಿನಿಂದ ನಡೆದು, ಓಣಿಯ ತಿರುವಿನಲ್ಲಿ ಮರೆಯಾದ. ಕಾರ್ಡಿಲ್ಲದವನು ಎಲ್ಲಿಗೆ ಹೋದಾನು, ಬಸ್ಸೂ ಹತ್ತಿಸಿಕೊಳ್ಳುವುದಿಲ್ಲ, ಖಾನಾವಳಿಯವರು ನೀರೂ ಕೊಡುವುದಿಲ್ಲ, ಕತ್ತಲಾಗುವುದರೊಳಗೆ ಬರುತ್ತಾನೆ ಎಂದು ಅವಳು ಬಿಸಿ ರೊಟ್ಟಿ ಬಡಿದಿಟ್ಟಳು.

ಶನಿವಾರ ಬರಲಿಲ್ಲ. ರವಿವಾರ ಬರಲಿಲ್ಲ. ಸೋಮವಾರ ಅವಳು ಯಂತ್ರದ ಮುಂದೆ ಕೂತು ಅವನ ನಂಬರು ಹೇಳಿ, ಸಡಿಲ ಬೆಸುಗೆ ಕೇಳಿದಳು. “ಕಾರಣ ಹೇಳಿ,” ಎಂದಿತು.

“ನನ್ನ ಗಂಡ ಮನೀಗೆ ಬಂದಿಲ್ಲ.”

“ಈ ಕಾರಣ ಪಟ್ಟಿಯಲ್ಲಿಲ್ಲ,” ಎಂದಿತು ಯಂತ್ರ.

ಸುಳ್ಳು ಕಾರಣ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೂ ಏನು ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು: ಎಡಗಡೆ ಅವನ ಹೆಸರು, ಬಲಗಡೆ ಉದ್ದಕ್ಕೂ ಖಾಲಿ.

ಬುಧವಾರ ಮೇಲಿನವರಿಂದ ಮೆಚ್ಚುಗೆಯ ಕಾಗದ ಬಂತು. ಅವಳ ರಾತ್ರಿ ಪಾಳಿಯನ್ನು ಅದರಲ್ಲೇ ತೆಗೆದುಹಾಕಿದ್ದರು. ಗುರುವಾರ ಮುಂಜಾನೆ ಎದ್ದು ಬಚ್ಚಲಿಗೆ ಹೋದರೆ ಡ್ರಮ್ಮಿನ ತಳ ಕಾಣುತ್ತಿತ್ತು. ಬದಿಗೆ ಸರಿಸಿದ ಮುಚ್ಚಳದ ಮೇಲೆ ಅವನು ಇಟ್ಟಲ್ಲೇ ಕಾರ್ಡು ಇತ್ತು. ಅವಳು ಅದನ್ನು ತನ್ನ ಕಾರ್ಡಿನ ಜೊತೆ ಸೆರಗಿಗೆ ಕಟ್ಟಿಕೊಂಡು ಕೊಡ ಎತ್ತಿಕೊಂಡಳು.

ನೀರಿನ ಕಟ್ಟೆಯಲ್ಲಿ ಶರಣವ್ವ ಒಬ್ಬಳೇ ಇದ್ದಳು.

“ಇವತ್ತ ನೀ ಬಂದ್ಯೇನವಾ? ಗುರುವಾರ ದಿವಸ ಫಕೀರಣ್ಣನ ಬರ್ತಿದ್ದ. ಎಂಟೂ ಕೊಡಾ ಒಬ್ಬನ ಹೊರತಿದ್ದ, ಪಾಪ. ‘ಆಕಿ ರಾತ್ರೆಲ್ಲಾ ಕುಂತಿರ್ತಾಳ, ಬಂದ ಮ್ಯಾಲೆ ಜಳಕಕ್ಕ ನೀರಿರಬೇಕವಾ’ ಅಂತಿದ್ದ.”

“ನನಗ ಯಾಕ ಹೇಳಲಿಲ್ಲಬೇ ನೀ?”

“ನೀ ಯಾವಾಗ ಕೇಳಿದಿ?”

ದಾನೇಶ್ವರಿ ಸೆರಗಿನ ಗಂಟು ಬಿಚ್ಚಿದಳು. ತನ್ನ ಕಾರ್ಡು ಬದಿಗಿಟ್ಟು, ಅವನದನ್ನು ತೆಗೆದು ಕಟ್ಟೆಯ ಕಣ್ಣಿಗೆ ಹಿಡಿದಳು. ಶರಣವ್ವ ನೋಡಿದಳು, ಮುಖ ಆಚೆ ತಿರುಗಿಸಿಕೊಂಡಳು. ನೀರು ಬಂತು. ಒಂದೊಂದೇ ಕೊಡ ಹೊತ್ತು, ಎಂಟೂ ಕೊಡ ತಂದು ಡ್ರಮ್ಮಿಗೆ ಸುರಿದಳು. ಆರು ಗಂಟೆ ಎಂಟು ನಿಮಿಷಕ್ಕೆ ಕಟ್ಟೆ ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಂಡಿತ್ತು: ಫಕೀರೇಶ, ಬೆಟಗೇರಿ, ಸ್ವಂತ ಓಣಿ, ಎಂಟು ಕೊಡ.

ಇವತ್ತಿಗೂ ಪ್ರತಿ ಗುರುವಾರ ಆ ಸಾಲು ಬೀಳುತ್ತದೆ. ಯಾರು ಎಂಥ ಬೆಸುಗೆ ಹಾಕಿ ನೋಡಿದರೂ ಫಕೀರೇಶ ತನ್ನ ಮನೆಯಲ್ಲೇ ಇದ್ದಾನೆ.